ತಿರುವಿನಲ್ಲಿ ನಿಂತ ಕಿಫ್ ಲಾರಿ

ನಮ್ಮ ಸಂಘಕ್ಕೆ ನಾನು ಅಧ್ಯಕ್ಷೆಯಾದದ್ದು ಜಾಣತನಕ್ಕಲ್ಲ. ಸರ್ಕಾರದ ಪರವಾನಗಿ ತೆಗೆದುಕೊಂಡು ಕಿಫ್, ಅಂದರೆ ಗಾಂಜಾ, ಬೆಳೆಯೋಣವೆಂದು ಹದಿಮೂರು ಮನೆಯವರು ನಮ್ಮ ಅಂಗಳದಲ್ಲಿ ಸೇರಿದ ದಿನ, ಅರ್ಜಿ ಹಿಡಿದು ಪೇಟೆಯ ಕಚೇರಿಗೆ ಹೋಗಬಲ್ಲ ಗಂಡಸು ಆ ಗುಂಪಿನಲ್ಲಿ ಒಬ್ಬನೂ ಇರಲಿಲ್ಲ. ಗಾಂಜಾ ಬೆಳೆದರೆಂದು ಎಲ್ಲರ ಹೆಸರೂ ಪೊಲೀಸರ ಪಟ್ಟಿಯಲ್ಲಿತ್ತು. ಪೇಟೆಗೆ ಇಳಿದರೆ ಗುರುತಿನ ಚೀಟಿ ಕೇಳುತ್ತಾರೆ, ಚೀಟಿ ತೋರಿಸಿದರೆ ಕೈಗೆ ಬೇಡಿ. ಕೊನೆಗೆ ಅರ್ಜಿಯಲ್ಲಿ ಹೆಂಡತಿಯರ, ತಾಯಂದಿರ ಹೆಸರು ಬರೆಸುವುದೆಂದು ತೀರ್ಮಾನವಾಯಿತು. ಅವರಲ್ಲಿ ಓದು ಬರಹ ಬಲ್ಲವಳು, ಅವಧಿ ಮುಗಿಯದ ಗುರುತಿನ ಚೀಟಿ ಇದ್ದವಳು ನಾನೊಬ್ಬಳೇ.

"ಫತ್ತೂಮ ಅಧ್ಯಕ್ಷೆ ಆಗ್ಲಿ ಬಿಡ್ರಪ್ಪ," ಎಂದ ನನ್ನ ಗಂಡ ಮುಫದ್ದಲ್. "ಮನೇಲಿ ಹೇಗೂ ಅವಳದ್ದೇ ದರ್ಬಾರು."

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ನಮ್ಮ ಬೆಟ್ಟಗಳಲ್ಲಿ ಕಿಫ್ ಬೆಳೆಯುವುದು ನನ್ನ ಅಜ್ಜಿಯ ಅಜ್ಜಿಗೂ ಗೊತ್ತಿತ್ತು. ಆದರೆ ನಾನು ಕಿಫ್ ಬೆಳೆಯುತ್ತೇನೆಂದು ಸರ್ಕಾರದವರ ಮುಂದೆ ಹೋಗಿ, ಹೆಸರು, ಊರು, ತಂದೆಯ ಹೆಸರು ಬರೆದು ರುಜು ಹಾಕಿದವರು ನಮ್ಮ ವಂಶದಲ್ಲಿ ಯಾರೂ ಇರಲಿಲ್ಲ.

ಮುಫದ್ದಲ್ ಹನ್ನೊಂದು ವರ್ಷದಿಂದ ನಮ್ಮ ಕಣಿವೆ ದಾಟಿರಲಿಲ್ಲ. ಯಾರೋ ಹೆಸರು ಹಾಕದೆ ಬರೆದ ದೂರು ಅದಕ್ಕೆ ಕಾರಣ. ಬರೆದವರು ಯಾರೆಂದು ಇವತ್ತಿಗೂ ತಿಳಿದಿಲ್ಲ. ಅವತ್ತಿನಿಂದ ಅವನ ಕಿವಿ ರಸ್ತೆಯ ಕಡೆಗೇ ಇತ್ತು. ಜೀಪಿನ ಸದ್ದು ಕೇಳಿದರೆ ಊಟದ ತಟ್ಟೆ ಬಿಟ್ಟು ಹಿಂಬಾಗಿಲಿನಿಂದ ದೇವದಾರು ಕಾಡಿಗೆ ಓಡುತ್ತಿದ್ದ. ಪಕ್ಕದ ಕಣಿವೆಯಲ್ಲಿ ಮಗಳ ಮನೆಯಲ್ಲಿದ್ದ ಅವನ ತಾಯಿ ತೀರಿಕೊಂಡಾಗ ಮಣ್ಣಿಗೂ ಹೋಗಲಿಲ್ಲ. ಗುಡ್ಡದ ಮೇಲೆ ನಿಂತು, ದೂರದಿಂದ ನೋಡಿ, ಸುಮ್ಮನೆ ವಾಪಸು ಬಂದು ಆಡುಗಳಿಗೆ ಸೊಪ್ಪು ಹಾಕಿದ.

ಪರವಾನಗಿಯ ಕಥೆ ಹೇಳಿದರೆ ಮುಗಿಯುವುದಿಲ್ಲ. ಜಮೀನು ನಮ್ಮದೆಂದು ತೋರಿಸಬೇಕಿತ್ತು. ತೋರಿಸಲು ಕಲ್ಲಿನ ಬದು, ಅಂಜೂರದ ಮರ, ಊರಿನ ಮುದುಕರ ಮಾತು ಬಿಟ್ಟು ನಮ್ಮಲ್ಲಿ ಬೇರೇನೂ ಇರಲಿಲ್ಲ. ಮುದುಕರನ್ನು ನಮ್ಮ ಭಾಗದ ಸರ್ಕಾರಿ ಅಧಿಕಾರಿ ಕಾಯಿದ್ ಸಾಹೇಬರ ಕಚೇರಿಗೆ ಕರೆದೊಯ್ದು ಸಾಕ್ಷಿ ಹೇಳಿಸಿದೆ. ಕಿಫ್ ಕೊಂಡು ಔಷಧಿ ಮಾಡುವ ಕಾರ್ಖಾನೆಯ ಜೊತೆ ಒಪ್ಪಂದವಿಲ್ಲದೆ ಪರವಾನಗಿ ಇಲ್ಲ ಎಂದರು ಕಚೇರಿಯವರು. ಪರವಾನಗಿ ಇಲ್ಲದೆ ಒಪ್ಪಂದವಿಲ್ಲ ಎಂದರು ಕಾರ್ಖಾನೆಯವರು. ಇಬ್ಬರ ನಡುವೆ ಚಳಿಗಾಲವಿಡೀ ಓಡಾಡಿದೆ. ಬೀಜ ಹೊರದೇಶದಿಂದ ಬರಬೇಕಿತ್ತು, ತಡವಾಗಿ ಬಂತು. ಆ ಬೀಜದ ಗಿಡಗಳು ನಮ್ಮ ಹಳೇ ತಳಿಯಂತಲ್ಲ, ದಿನವೂ ನೀರು ಕೇಳುವ ಮುದ್ದಿನ ಮಕ್ಕಳು. ಬೇಲಿ ಹಾಕಿ ಅಂದರು, ಹಾಕಿದೆವು. ಉಗ್ರಾಣಕ್ಕೆ ಎರಡು ಬೀಗ ಅಂದರು, ಹಾಕಿದೆವು. ಒಪ್ಪಂದಕ್ಕಿಂತ ಹೆಚ್ಚು ಬೆಳೆದದ್ದನ್ನು ಅಧಿಕಾರಿಗಳ ಎದುರೇ ಸುಡಬೇಕು ಎಂದಾಗ ಮಾತ್ರ ನಮ್ಮ ಹೆಂಗಸರು ಅತ್ತುಬಿಟ್ಟರು. ಆ ಬೆಂಕಿಯ ಹೊಗೆ ಇಡೀ ಊರಿನ ಮೇಲೆ ಕೂತಿತು.

ಇದರ ಮೇಲೆ ನೆರೆಹೊರೆಯವರ ಸಿಟ್ಟು. ಮೇಲಿನ ಕೇರಿಯವರು ಇನ್ನೂ ಪರವಾನಗಿ ಇಲ್ಲದೆ ಹಳೆಯ ರೀತಿಯಲ್ಲೇ ಬೆಳೆಯುವವರು. ನಮ್ಮ ಹೊಲ ನೋಡಲು ಬರುವ ಸರ್ಕಾರಿ ಜೀಪು ಅವರ ಹೊಲದ ಪಕ್ಕದಲ್ಲೇ ಹಾದು ಬರಬೇಕಿತ್ತಲ್ಲ. ಬಾವಿಯ ಹತ್ತಿರ ಒಬ್ಬಳು ಕೊಡ ತುಂಬಿಸುತ್ತಾ ನನಗೆ ಕೇಳುವಂತೆಯೇ ಅಂದಳು: "ಮೊದ್ಲು ಪೊಲೀಸ್ರಿಗೆ ದಾರಿ ಗೊತ್ತಿರ್ಲಿಲ್ಲ. ಈಗ ಅಧ್ಯಕ್ಷರು ಟೀ ಕುಡ್ಸಿ ದಾರಿ ತೋರಿಸ್ತಾರೆ." ನಾನು ಕೊಡ ಎತ್ತಿಕೊಂಡು ಹೊರಟೆ. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಬೇಸಿಗೆಯ ಕೊನೆಗೆ, ಕಿಫ್ ಬೆಳೆದು ಪಟ್ಟಿಯಲ್ಲಿದ್ದವರನ್ನು ರಾಜರು ಕ್ಷಮಿಸಿದ್ದಾರೆಂಬ ಸುದ್ದಿ ಬಂತು. ಹೆಂಗಸರು ನಾಲಿಗೆ ಹೊರಳಿಸಿ ಕೂಗಿ ಸಂಭ್ರಮಿಸಿದರು. ಮುಫದ್ದಲನ ಹೆಸರೂ ಅದರಲ್ಲಿದೆ, ನ್ಯಾಯಾಲಯಕ್ಕೆ ಹೋಗಿ ಕಾಗದ ತೆಗೆದುಕೊಳ್ಳಬೇಕು ಅಷ್ಟೆ, ಎಂದ ಊರಿನ ಮುಖಂಡ. ಮುಫದ್ದಲ್ ಹೋಗಲಿಲ್ಲ. "ಕೊಯ್ಲು ಮುಗೀಲಿ," ಅಂದ. ಕೊಯ್ಲು ಮುಗಿದ ಮೇಲೆ "ಒಣಗ್ಲಿ" ಅಂದ.

"ಕ್ಷಮೆ ಸಿಕ್ಕಿದ್ಯಲ್ಲ, ಇನ್ನೇನು ಭಯ?" ಎಂದು ನಾನು ರೇಗಿದರೆ, "ನನಗೆ ಸಿಕ್ಕಿದೆ, ನನ್ನ ಕಾಲಿಗೆ ಯಾರೂ ಹೇಳಿಲ್ಲ," ಎನ್ನುತ್ತಿದ್ದ.

ಬೆಳೆ ಸಾಗಿಸುವ ದಿನ ಶುಕ್ರವಾರ ಬಿತ್ತು. ಬೆಳಿಗ್ಗೆಯೇ ಪರವಾನಗಿ ಕಚೇರಿಯ ಗುಮಾಸ್ತ ಬಂದು, ಮೂಟೆಗಳನ್ನು ತೂಗಿಸಿ, ಒಂದೊಂದರ ಬಾಯಿಗೂ ಸೀಲು ಹಾಕಿದ. ಆಮೇಲೆ ಸಾಗಣೆಯ ಕಾಗದ ಬರೆದುಕೊಟ್ಟ. ಅದರಲ್ಲಿ ಲಾರಿಯ ನಂಬರು, ಡ್ರೈವರ್ ಅಯ್ಯಾಶಿಯ ಹೆಸರು, ತೂಕ, ದಾರಿ, ಎಲ್ಲ ಇತ್ತು. ಅವತ್ತು ಸೂರ್ಯ ಮುಳುಗುವವರೆಗೆ ಮಾತ್ರ ಅದು ಊರ್ಜಿತ.

"ಜೊತೇಲಿ ಹೋಗೋರು ಯಾರು?" ಎಂದು ಗುಮಾಸ್ತ ಕೇಳಿದ.

"ನಾನು," ಎಂದೆ.

"ನಾನೂನು," ಎಂದಿತು ಹಿಂದಿನಿಂದ ಒಂದು ದನಿ. ಮುಫದ್ದಲ್ ಉಣ್ಣೆಯ ಉದ್ದ ನಿಲುವಂಗಿ ಜಲಾಬಾ ತೊಟ್ಟು, ಶೂ ಹಾಕಿಕೊಂಡು ನಿಂತಿದ್ದ. ಬೆಳಗಿನ ಚಳಿಯಲ್ಲೂ ಅವನ ಹಣೆ ಒದ್ದೆಯಾಗಿತ್ತು. ಯಾಕೆಂದು ಕೇಳಿದರೆ ಮನಸ್ಸು ಬದಲಾಯಿಸುತ್ತಾನೆಂಬ ಹೆದರಿಕೆ. ಗುಮಾಸ್ತ ನನ್ನ ಹೆಸರಿನ ಕೆಳಗೆ ಅವನ ಹೆಸರು ಬರೆದ.

ಲಾರಿಯ ಮುಂದಿನ ಸೀಟಿನಲ್ಲಿ ಅಯ್ಯಾಶಿ, ನಾನು, ಕಿಟಕಿಯ ಹತ್ತಿರ ಮುಫದ್ದಲ್. ಹೆಂಗಸರನ್ನು ಮರ್ಯಾದೆಯಿಂದ 'ಲಲ್ಲಾ' ಎಂದು ಕರೆಯುವ ಅಯ್ಯಾಶಿಗೆ ಬಾಯಿ ಸುಮ್ಮನಿರುವುದಿಲ್ಲ.

"ಲಲ್ಲಾ ಫತ್ತೂಮ, ಇಪ್ಪತ್ತು ವರ್ಷ ಈ ರಸ್ತೇಲಿ ಆಲೂಗಡ್ಡೆ ಅಡಿಯಲ್ಲಿ ಕಿಫ್ ಇಟ್ಟು ಓಡ್ಸಿದೀನಿ. ಇವತ್ತು ಬರೀ ಕಿಫ್ಫೇ. ಮೇಲೆ ಒಂದು ಆಲೂಗಡ್ಡೆನಾದ್ರೂ ಇಟ್ಟಿದ್ರೆ ಧೈರ್ಯ ಇರೋದು."

"ನಗಿಸ್ಬೇಡ ಅಯ್ಯಾಶಿ ಅಣ್ಣ, ರಸ್ತೆ ನೋಡು."

ಮೊದಲ ತಡೆಗೋಲಿನ ಹತ್ತಿರ ಪೊಲೀಸನೊಬ್ಬ ಕೈ ತೋರಿಸಿ ನಿಲ್ಲಿಸಿದ. ಕಾಗದ ತೆಗೆದುಕೊಂಡು ಓದಿದ, ಹಿಂದೆ ಹೋಗಿ ಟಾರ್ಪಾಲಿನ ಅಂಚು ಎತ್ತಿ ಮೂಸಿ ನೋಡಿದ, ಮತ್ತೆ ಬಂದು ಓದಿದ. ಮುಫದ್ದಲನ ಕೈ ಬಾಗಿಲಿನ ಹಿಡಿಯ ಮೇಲಿತ್ತು.

"ಇದನ್ನ ಹಿಡಿಯೋಕೆ ಅಂತ ನನಗೆ ಸಂಬಳ ಕೊಟ್ರು," ಎಂದ ಪೊಲೀಸ, "ಈಗ ಸಲಾಂ ಹೊಡ್ದು ಕಳಿಸು ಅಂತಾರೆ. ಹೋಗಿ, ಹೋಗಿ."

ತಡೆಗೋಲು ಎದ್ದಿತು. ಮುಫದ್ದಲ್ ಕಿಟಕಿಯಿಂದ ತಲೆ ಹಾಕಿ ಹಿಂದೆ ನೋಡಿದ. ಆಮೇಲೆ ನಿಧಾನವಾಗಿ, "ಅವ್ನು ನನ್ನ ನೋಡ್ಲೇ ಇಲ್ಲ," ಎಂದ.

ದೇವದಾರು ಕಾಡು ದಾಟಿ ಇಳಿಜಾರು ಶುರುವಾಗುವ ತಿರುವಿನಲ್ಲಿ ಲಾರಿಯ ಅಡಿಯಿಂದ ಏನೋ ಮುರಿದ ಸದ್ದು ಬಂತು. ಹಿಂದಿನ ಚಕ್ರ ಒಂದು ಬದಿಗೆ ವಾಲಿತು. ಅಯ್ಯಾಶಿ ಅಡಿಗೆ ನುಗ್ಗಿ ನೋಡಿ, ಎಣ್ಣೆಯ ಕೈಯಲ್ಲಿ ಹೊರಗೆ ಬಂದ. ಆಗ ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ಅಚ್ಚು ಮುರಿದಿದೆ. ಪೇಟೆಯಿಂದ ಮೆಕ್ಯಾನಿಕ್ ಬರ್ಬೇಕು."

"ಸಂಜೆ ಒಳಗೆ ಆಗತ್ತಾ?"

"ಇವತ್ತು ಶುಕ್ರವಾರ, ಲಲ್ಲಾ. ನಮಾಜು, ಆಮೇಲೆ ಕುಸ್ಕುಸ್ ಊಟ, ಆಮೇಲೆ ನಿದ್ದೆ. ದೇವರೇ ಬಲ್ಲ."

ಎದುರು ಬಂದ ಬಾಡಿಗೆ ಕಾರಿಗೆ ಕೈ ಅಡ್ಡ ಹಿಡಿದು ಅವನು ಮೆಕ್ಯಾನಿಕ್ಕನ್ನು ಕರೆತರಲು ಹೋದ. ನಾವಿಬ್ಬರೂ ಉಳಿದೆವು. ಕಾಗದವನ್ನು ಎಷ್ಟು ಸಲ ಓದಿದೆನೋ. ಎಲ್ಲಿಂದ ಓದಿದರೂ ಅದರಲ್ಲಿ ಇದ್ದದ್ದು ಈ ಲಾರಿಯ ನಂಬರು. ಬೇರೆ ಗಾಡಿಗೆ ಮೂಟೆ ಹಾಕಿದರೆ ಅದು ಕಳ್ಳಸಾಗಣೆ. ಇಲ್ಲೇ ಬಿಟ್ಟು ಹೋದರೂ ತಪ್ಪು. ಸಂಜೆಯಾದರೆ ಕಾಗದವೇ ಸತ್ತುಹೋಗುತ್ತದೆ. ಹದಿಮೂರು ಮನೆಯವರ ವರ್ಷದ ದುಡಿಮೆ ಟಾರ್ಪಾಲಿನ ಅಡಿಯಲ್ಲಿ ಘಮಘಮ ಎನ್ನುತ್ತಿತ್ತು. ಆ ವಾಸನೆ ಇಡೀ ಕಣಿವೆಗೆ ಕೂಗಿ ಹೇಳುತ್ತಿರುವಂತೆ ನನಗೆ ಅನ್ನಿಸುತ್ತಿತ್ತು. ಫೋನು ತೆಗೆದರೆ ಅಲ್ಲಿ ಸಿಗ್ನಲ್ ಇಲ್ಲ.

ಒಂದು ಪಿಕಪ್ ಬಂದು ನಮ್ಮ ಪಕ್ಕದಲ್ಲಿ ನಿಂತಿತು. ಓಡಿಸುತ್ತಿದ್ದವನು ತೂಹಾಮಿ. ಹಿಂದೆಲ್ಲ ನಮ್ಮ ಬೆಳೆ ಕೊಳ್ಳುತ್ತಿದ್ದವನು, ಈಗಲೂ ಮೇಲಿನ ಕೇರಿಯವರದ್ದನ್ನು ಕೊಳ್ಳುವವನು.

"ಏನು ಮುಫದ್ದಲ್, ಬಿಲದಿಂದ ಹೊರಗೆ ಬಂದ್ಬಿಟ್ಟೆ?" ಎಂದು ನಕ್ಕ. ಆಮೇಲೆ ಚಕ್ರ ನೋಡಿದ. "ಹಾಕಿ ನನ್ನ ಗಾಡಿಗೆ. ಎರಡು ಸಲ ಹೋಗಿ ಬಂದ್ರೆ ಎಲ್ಲಾ ಮುಟ್ಟತ್ತೆ."

"ಆಗಲ್ಲ," ಎಂದೆ. "ಸೀಲು ಇದೆ. ಗಾಡಿ ನಂಬರು ಬೇರೆ."

"ಹಾಗಾದ್ರೆ ನಂಗೇ ಕೊಟ್ಬಿಡಿ. ನಿಮ್ಮ ಕಾರ್ಖಾನೆಯೋರು ಪರೀಕ್ಷೆ, ತೇವಾಂಶ ಅಂತ ಹಿಂದೆ ಮುಂದೆ ನೋಡ್ತಾರೆ. ನಾನು ನೋಡಲ್ಲ. ಇಲ್ಲೇ, ಈಗ್ಲೇ, ರೊಕ್ಕ."

ನಾನು ಮುಫದ್ದಲನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ನಿಜ ಹೇಳಬೇಕೆಂದರೆ ಒಂದು ಕ್ಷಣ ನನ್ನ ಮನಸ್ಸೂ ಅತ್ತಿತ್ತ ಹೊಯ್ದಾಡಿತು. ತೂಹಾಮಿಯ ಜೊತೆ ವ್ಯವಹಾರ ಹೇಗಿರುತ್ತದೆಂದು ನಮಗೆ ಗೊತ್ತಿತ್ತು. ಈ ಕಾಗದದ ವ್ಯವಹಾರ ಹೇಗೆ ಮುಗಿಯುತ್ತದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನೀನು ಹೋಗಪ್ಪ ತೂಹಾಮಿ," ಎಂದೆ. "ನಿನ್ನ ಊಟ ತಣ್ಣಗಾಗತ್ತೆ."

"ಸರಿ, ಸರಿ. ನಿನ್ನ ಕಾಗದ ಓದೋ ಪೊಲೀಸು ಇನ್ನೂ ಹುಟ್ಟಿಲ್ಲ, ತಿಳ್ಕೋ." ಪಿಕಪ್ ಧೂಳೆಬ್ಬಿಸಿ ಹೋಯಿತು. ಹೋಗುತ್ತಾ ಅವನು ಫೋನು ಕೈಗೆತ್ತಿಕೊಂಡನೋ, ನನ್ನ ಕಣ್ಣಿಗೆ ಹಾಗೆ ಕಂಡಿತೋ ತಿಳಿಯದು.

"ಅವ್ನು ಪೊಲೀಸ್ರಿಗೆ ಹೇಳ್ಬಿಡ್ತಾನೆ," ಎಂದ ಮುಫದ್ದಲ್.

"ಹೇಳ್ಲಿ. ಹೇಳೋಕೆ ಏನಿದೆ? ನಾವೇನು ಕದ್ದಿದೀವಾ?" ಎಂದೆ ಜೋರಾಗಿ. ಜೋರು ನನಗೇ ಧೈರ್ಯ ಬರಲೆಂದು. "ನಾನು ಗುಡ್ಡ ಹತ್ತಿ ಕಚೇರಿಗೆ ಫೋನ್ ಮಾಡ್ತೀನಿ. ನೀನು ಇಲ್ಲೇ ಇರು. ಯಾರು ಬಂದ್ರೂ ಗಾಡಿ ಬಿಟ್ಟು ಹೋಗ್ಬೇಡ, ಕೇಳಿಸ್ತಾ?"

"ಕೇಳಿಸ್ತು."

ಕಚೇರಿಯವರು ಕಾಗದದ ಸಂಖ್ಯೆ ಕೇಳುತ್ತಾರೆಂದು ಅದನ್ನೂ ತೆಗೆದುಕೊಂಡು ಹತ್ತಿದೆ. ಬಂಡೆಗಳ ಮೇಲೆ ಮೇಕೆಗಳ ದಾರಿ. ನೆತ್ತಿಯ ಹತ್ತಿರ ಫೋನಿಗೆ ಜೀವ ಬಂತು. ಮೊದಲು ಯಾರೂ ಎತ್ತಲಿಲ್ಲ. ಎರಡನೇ ಸಲ ಒಬ್ಬ ಹೆಂಗಸು ಎತ್ತಿ, "ಸಾಹೇಬ್ರು ನಮಾಜಿಗೆ ಹೋಗಿದಾರೆ, ಸೋಮವಾರ ಮಾಡಿ," ಎಂದಳು.

"ಅಮ್ಮಾ, ನನ್ನ ಕಿಫ್ ರಸ್ತೇಲಿ ನಿಂತಿದೆ. ಸೋಮವಾರದವರೆಗೆ ಅದನ್ನ ಮಡಿಲಲ್ಲಿ ಇಟ್ಕೊಂಡು ಕೂತ್ಕೊಳ್ಲಾ?"

ಆ ಕಡೆ ಏನೋ ಗುಸುಗುಸು. ಕೊನೆಗೆ ಅಧಿಕಾರಿಯ ಸ್ವಂತ ನಂಬರು ಸಿಕ್ಕಿತು. ಅವರು ಊಟ ಮಾಡುತ್ತಿದ್ದರೆಂದು ದನಿಯಲ್ಲೇ ತಿಳಿಯಿತು. ಎಲ್ಲ ಕೇಳಿಸಿಕೊಂಡು, "ಮೂಟೆ ಮುಟ್ಟಬೇಡಿ. ನಾನೇ ಬೇರೆ ಲಾರಿ ತರ್ತೀನಿ, ನನ್ನ ಎದುರೇ ಬದಲಾಯಿಸ್ಬೇಕು. ಅಲ್ಲೀವರೆಗೆ ನಿಮ್ಮವರೊಬ್ರು ಗಾಡಿ ಹತ್ರ ಇರ್ಲೇಬೇಕು. ಯಾರೂ ಇಲ್ದೆ ಸಿಕ್ರೆ ವಾರಸುದಾರರಿಲ್ಲದ ಮಾಲು ಅಂತ ಬರ್ಕೋತಾರೆ, ಆಮೇಲೆ ನನ್ನ ಕೈಲಿಲ್ಲ," ಎಂದರು.

"ಇದಾರೆ, ಸಾಹೇಬ್ರೇ. ನನ್ನ ಗಂಡ ಇದಾನೆ," ಎನ್ನುತ್ತಾ ನಾನು ಕೆಳಗೆ ನೋಡಿದೆ.

ರಸ್ತೆಯ ತಿರುವು ನನ್ನ ಕಾಲಡಿಯಲ್ಲೇ ಇದ್ದಂತೆ ಕಾಣುತ್ತಿತ್ತು. ಬೂದು ಜೀಪೊಂದು ಲಾರಿಯ ಹತ್ತಿರ ನಿಲ್ಲುತ್ತಿತ್ತು. ಲಾರಿಯ ಇನ್ನೊಂದು ಬದಿಯಿಂದ ಮುಫದ್ದಲ್ ಓಡುತ್ತಿದ್ದ. ಜಲಾಬಾ ಮೊಣಕಾಲಿನವರೆಗೆ ಎತ್ತಿಕೊಂಡು, ಬಾಗಿ, ಎಷ್ಟೋ ವರ್ಷ ನಮ್ಮ ಹಿಂಬಾಗಿಲಿನಿಂದ ಓಡಿದ ಹಾಗೆಯೇ ಓಡಿ ದೇವದಾರುಗಳ ಒಳಗೆ ಮರೆಯಾದ.

ನಾನು ಕೂಗಿದೆ. ಗಾಳಿ ಕೂಗನ್ನು ಬೇರೆ ಕಡೆಗೆ ಒಯ್ದಿತು. ಜೀಪಿನಿಂದ ಮೂವರು ಇಳಿದರು. ಲಾರಿ ಸುತ್ತಿದರು, ಒಳಗೆ ಇಣುಕಿದರು, ಒಬ್ಬ ಮೇಲೆ ಹತ್ತಿ ಟಾರ್ಪಾಲು ಎಳೆದ. ಇನ್ನೊಬ್ಬ ಕಾಡಿನ ಕಡೆ ಕೈ ತೋರಿಸುತ್ತಿದ್ದ. ಕಾಗದ ನನ್ನ ಕೈಯಲ್ಲಿತ್ತು. ಲಾರಿಯ ಹತ್ತಿರ ಕಾಗದವೂ ಇಲ್ಲ, ಮನುಷ್ಯನೂ ಇಲ್ಲ. ಕಾಡಿಗೆ ಓಡಿದ ಒಬ್ಬ, ಒಂದು ಲಾರಿ ಕಿಫ್. ಅವರ ಜಾಗದಲ್ಲಿ ನಾನಿದ್ದರೂ ಬೇರೇನು ತಿಳಿದುಕೊಳ್ಳುತ್ತಿದ್ದೆ?

ಇಳಿಯತೊಡಗಿದೆ. ಹತ್ತುವಾಗ ಕಾಣದ ಕಲ್ಲುಗಳೆಲ್ಲ ಇಳಿಯುವಾಗ ಕಾಲಿಗೆ ಸಿಕ್ಕವು. ಒಂದು ಕಡೆ ಜಾರಿ ಕೂತೆ, ಅಂಗೈ ತರಚಿತು. ಎದ್ದಾಗ ಮತ್ತೆ ಕೆಳಗೆ ನೋಡಿದೆ. ಪೊಲೀಸರು ಒಂದು ಮೂಟೆಯನ್ನು ರಸ್ತೆಗೆ ಇಳಿಸಿದ್ದರು. ಆಗ ಮರಗಳ ಅಂಚಿನಲ್ಲಿ ಏನೋ ಅಲ್ಲಾಡಿತು. ಮುಫದ್ದಲ್ ಹೊರಗೆ ಬಂದ. ಎರಡೂ ಕೈ ಮೇಲೆತ್ತಿ, ಒಂದೊಂದೇ ಹೆಜ್ಜೆ ಇಡುತ್ತಾ, ರಸ್ತೆಗೆ ಇಳಿದು ಬರುತ್ತಿದ್ದ. ಪೊಲೀಸರು ತಿರುಗಿದರು. ನಾನು ಅಲ್ಲೇ ನಿಂತುಬಿಟ್ಟೆ. ಓಡಬೇಕಿತ್ತು, ಆದರೆ ನಾನು ಅವನಿಂದ ಕಣ್ಣು ಸರಿಸಿದರೆ ಅವನು ಮತ್ತೆ ಓಡಿಬಿಡುತ್ತಾನೆ ಎಂಬಂತೆ ನೋಡುತ್ತಾ ನಿಂತೆ. ಅವನು ಓಡಲಿಲ್ಲ. ಅವರು ಅವನ ಕೈ ಹಿಂದಕ್ಕೆ ತಿರುಗಿಸಿ ಜೀಪಿಗೆ ಹತ್ತಿಸಿದರು.

ನಾನು ರಸ್ತೆ ಮುಟ್ಟುವಷ್ಟರಲ್ಲಿ ಜೀಪು ಹೊರಟುಹೋಗಿತ್ತು. ಲಾರಿಯ ಮೆಟ್ಟಿಲ ಮೇಲೆ ಒಬ್ಬ ದಪ್ಪ ಮೀಸೆಯ ಪೊಲೀಸ ಒಂದು ಕಾಲು ಚಾಚಿ ಕೂತಿದ್ದ. ನಿವೃತ್ತಿಯ ಅಂಚಿನಲ್ಲಿದ್ದವನು. ಮಂಡಿ ನೋವೆಂದು ಅವನನ್ನು ಕಾವಲಿಗೆ ಬಿಟ್ಟು ಹೋಗಿದ್ದರು.

"ಇದು ನಮ್ಮ ಮಾಲು!" ಎಂದು ಏದುಸಿರಿನಲ್ಲೇ ಕಾಗದ ಚಾಚಿದೆ. "ನೋಡಿ, ಸೀಲು ಇದೆ, ಸಹಿ ಇದೆ. ಆ ಮನುಷ್ಯ ನನ್ನ ಗಂಡ. ಇಲ್ಲಿ ಅವನ ಹೆಸರೂ ಇದೆ."

ಅವನು ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ಓದಿದ.

"ಹೌದಲ್ಲಮ್ಮ. ಹಾಗಿದ್ಮೇಲೆ ಅವ್ನು ಓಡಿದ್ದು ಯಾಕೆ?"

"ಅಭ್ಯಾಸ," ಎಂದೆ.

ಅವನು ಮೀಸೆಯ ಅಡಿಯಲ್ಲಿ ನಕ್ಕನೋ, ನಿಟ್ಟುಸಿರು ಬಿಟ್ಟನೋ. "ಗುರುತಿನ ಚೀಟಿ ಇಲ್ಲ. ಹೆಸರು ಕೇಳಿದ್ರೆ ತಕ್ಷಣ ಹೇಳ್ದ. ತಂದೆ ಹೆಸರು, ಊರು, ಎಲ್ಲಾ ಕೇಳದೇ ಇದ್ರೂ ಹೇಳ್ದ. ವೈರ್‌ಲೆಸ್ಸಲ್ಲಿ ಕೇಳಿದ್ರೆ ಆ ಹೆಸರು ಪಟ್ಟೀಲಿ ಇದೆ ಅಂದ್ರು. ಕರ್ಕೊಂಡು ಹೋದ್ರು."

"ಅವನಿಗೆ ಕ್ಷಮೆ ಆಗಿದೆ!"

"ಆಗಿರ್ಬಹುದು ತಾಯಿ. ನಾನಲ್ವಲ್ಲ ಕ್ಷಮಿಸೋನು."

ಠಾಣೆಗೆ ಹೋಗಲು ಗಾಡಿ ಸಿಗುತ್ತಿತ್ತು. ಎರಡು ಬಾಡಿಗೆ ಕಾರುಗಳು ನನ್ನೆದುರೇ ಹಾದುಹೋದವು. ಕೈ ಅಡ್ಡ ಹಿಡಿದರೆ ಸಾಕಿತ್ತು. ಆದರೆ ನಾನು ಹೋದರೆ ಸಂಘದವರು ಯಾರೂ ಲಾರಿಯ ಹತ್ತಿರ ಇರುವುದಿಲ್ಲ. ಆಗ ಇದು ವಾರಸುದಾರರಿಲ್ಲದ ಮಾಲು. ಉಳಿದ ಹನ್ನೆರಡು ಮನೆಯವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು, ಆಮೇಲೆ ಅವನ ಎತ್ತಿದ ಕೈಗಳು. ಮೂರನೇ ಕಾರು ಬಂದಾಗ ರಸ್ತೆಗೆ ಬೆನ್ನು ಹಾಕಿ ನಿಂತೆ.

ರಸ್ತೆಯಲ್ಲಿ ಬಿದ್ದಿದ್ದ ಮೂಟೆ ಆಗ ಕಣ್ಣಿಗೆ ಬಿತ್ತು. ಅದರ ಸೀಲಿನ ದಾರ ಕತ್ತರಿಸಿ ಹಾಕಿದ್ದರು.

"ಇದನ್ನ ಯಾರು ಬಿಚ್ಚಿದ್ದು?"

"ನಮ್ಮ ಸಾಹೇಬ್ರು. ಒಳಗೆ ಏನಿದೆ ಅಂತ ನೋಡ್ಬೇಕಲ್ಲ."

"ಸೀಲು ಹೋದ್ರೆ ಕಾರ್ಖಾನೆಯೋರು ತಗೊಳಲ್ಲ. ನಾನೇ ಕದ್ದೆ ಅಂತಾರೆ. ಪರವಾನಗಿನೇ ಹೋಗತ್ತೆ." ನನ್ನ ದನಿ ಒಡೆಯಿತು. ಇಡೀ ದಿನ ಬಾರದ ಅಳು ಆ ಹರಿದ ದಾರ ನೋಡಿ ಬಂತು.

ಅವನು ಕಷ್ಟಪಟ್ಟು ಎದ್ದು, ಕುಂಟುತ್ತಾ ಬಂದು ಮೂಟೆಯನ್ನು ನೆಟ್ಟಗೆ ನಿಲ್ಲಿಸಿ ಬಾಯಿ ಮಡಚಿದ. "ಅಳ್ಬೇಡ. ನಾನು ನೋಡಿದೀನಲ್ಲ. ನಿಮ್ಮ ಅಧಿಕಾರಿ ಬಂದ್ರೆ ಹೇಳ್ತೀನಿ. ತಿನ್ನೋಕೇನಾದ್ರೂ ಇದ್ಯಾ? ಬೆಳಿಗ್ಗೆಯಿಂದ ಬರೀ ಕಾಫಿ."

ಚೀಲದಲ್ಲಿ ಬಾರ್ಲಿ ರೊಟ್ಟಿ, ಆಲಿವ್, ಮೇಕೆ ಹಾಲಿನ ಗಿಣ್ಣು ಇತ್ತು. ಮೂವರಿಗೆಂದು ತಂದದ್ದನ್ನು ಅವನೊಬ್ಬನೇ ತಿಂದ. ಬೆಟ್ಟದ ನೆರಳು ರಸ್ತೆಗೆ ಬಂದು, ಲಾರಿಯ ಚಕ್ರ ಹತ್ತಿ, ಟಾರ್ಪಾಲಿನ ಮೇಲೆ ಏರುವುದನ್ನು ನೋಡುತ್ತಾ ಕೂತೆ.

ಬಿಸಿಲು ಬೆಟ್ಟದ ತುದಿಗಳಲ್ಲಿ ಮಾತ್ರ ಉಳಿದಿದ್ದಾಗ ಅಧಿಕಾರಿ ಬಂದರು. ಕನ್ನಡಕದ ತೆಳ್ಳನೆಯ ಮನುಷ್ಯ. ಹಿಂದೆ ಖಾಲಿ ಲಾರಿ, ಅದರಲ್ಲಿ ನಮ್ಮ ಅಯ್ಯಾಶಿ. ದಾರಿಯಲ್ಲಿ ಸಿಕ್ಕಿ ಹತ್ತಿಕೊಂಡಿದ್ದನಂತೆ. ಮೆಕ್ಯಾನಿಕ್ ಸಿಕ್ಕಿರಲಿಲ್ಲ. ಅಧಿಕಾರಿ ಸೀಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಬಿಚ್ಚಿದ ಮೂಟೆಯ ಮುಂದೆ ನಿಂತರು.

"ಇದೇನಿದು?"

"ನಾವು ಬಿಚ್ಚಿದ್ದು, ಸಾಹೇಬ್ರೇ," ಎಂದ ಮೀಸೆಯ ಪೊಲೀಸ.

"ಬರ್ದು ರುಜು ಹಾಕ್ತೀರಾ?"

ಮೇಲಿನವರನ್ನು ಕೇಳದೆ ರುಜು ಹಾಕಬಾರದು ಎಂದು ಅವನು ಗೊಣಗಿದ. ನಾನು ರೊಟ್ಟಿ ಸುತ್ತಿ ತಂದಿದ್ದ ಖಾಲಿ ಬಟ್ಟೆಯನ್ನು ಮಡಚುತ್ತಿದ್ದೆ. ಅವನು ಅದನ್ನು ನೋಡಿದ, ಮಂಡಿ ಉಜ್ಜಿಕೊಂಡ. "ಕೊಡಿ ಪೆನ್ನು," ಎಂದ. "ಇನ್ನು ನಾಲ್ಕು ತಿಂಗಳು. ಏನು ಮಾಡ್ತಾರೆ, ಈ ಬೆಟ್ಟಕ್ಕೆ ವರ್ಗ ಮಾಡ್ತಾರಾ?"

ಅಯ್ಯಾಶಿ, ಹೊಸ ಲಾರಿಯ ಡ್ರೈವರ್, ನಾನು ಮೂಟೆ ಬದಲಾಯಿಸಿದೆವು. ಅಧಿಕಾರಿ ಹೊಸ ಕಾಗದ ಬರೆದು ಬೆಳಗಿನವರೆಗೆ ಅವಧಿ ಹಾಕಿದರು. "ನೀವು ಜೊತೇಲಿ ಬರ್ಲೇಬೇಕು," ಎಂದರು.

"ನನ್ನ ಗಂಡ ಠಾಣೇಲಿದಾನೆ."

"ಠಾಣೆ ದಾರೀಲೇ ಇದೆ. ಐದು ನಿಮಿಷ ನಿಲ್ಲಿಸ್ತೀನಿ. ಅದಕ್ಕಿಂತ ಹೆಚ್ಚು ಆಗಲ್ಲ, ಕ್ಷಮಿಸಿ."

ಠಾಣೆಯ ಮುಖ್ಯಸ್ಥ ಒರಟು ಮನುಷ್ಯನೇನಲ್ಲ, ದಣಿದವನು. "ಕ್ಷಮೆ ಆದವರ ಪಟ್ಟಿ ಬೇರೆ, ಹುಡುಕೋ ಪಟ್ಟಿ ಬೇರೆ, ಅಮ್ಮ. ಕ್ಷಮೆ ಆದೋರ ಹೆಸರನ್ನ ಹುಡುಕೋ ಪಟ್ಟಿಯಿಂದ ಯಾರೂ ಹೊಡೆದು ಹಾಕಿಲ್ಲ. ನ್ಯಾಯಾಲಯ ತೆರೆಯೋದು ಸೋಮವಾರ," ಎಂದ. ಒಳಗೆ ಹೋಗಿ ಮಾತಾಡಲು ಬಿಟ್ಟ.

ಮುಫದ್ದಲ್ ಬೆಂಚಿನ ಮೇಲೆ ಕೂತಿದ್ದ. ಶೂ ಲೇಸು ತೆಗೆದುಕೊಂಡಿದ್ದರು. ನನ್ನನ್ನು ಕಂಡು ಅವನು ಮೊದಲು ಕೇಳಿದ್ದು, "ಕಿಫ್?"

"ಹೊರಗೆ ಲಾರೀಲಿದೆ. ಕಾರ್ಖಾನೆಗೆ ಹೋಗ್ತಾ ಇದೀನಿ."

"ಹೋಗು ಮತ್ತೆ. ನಿಂತ್ಯಾಕೆ?"

"ಓಡಿದ್ಯಲ್ಲ, ಮುಫದ್ದಲ್. ವಾಪಸು ಯಾಕೆ ಬಂದೆ?"

ಹೊರಗೆ ಲಾರಿಯ ಹಾರ್ನು ಕೇಳಿಸಿತು.

"ಮರದ ಹಿಂದೆ ಕೂತು ನೋಡ್ತಾ ಇದ್ದೆ," ಎಂದ. "ಮೂಟೆ ಇಳಿಸಿದ್ರು. ಅಮ್ಮನ್ನ ಮಣ್ಣು ಮಾಡಿದ್ದೂ ಹೀಗೇ ಮೇಲಿಂದ ನೋಡಿದ್ದು ನೆನಪಾಯ್ತು. ಧೈರ್ಯ ಗೀರ್ಯ ಏನೂ ಬರ್ಲಿಲ್ಲ ಕಣೇ. ಸಾಕಾಗಿತ್ತು, ಅಷ್ಟೆ."

ಅವನ ಕೈ ಹಿಡಿದೆ. ಎರಡನೇ ಹಾರ್ನು ಕೇಳಿಸಿತು. ನಾನು ಹೊರಗೆ ಬಂದು ಲಾರಿ ಹತ್ತಿದೆ. ಅವತ್ತು ಕಾರ್ಖಾನೆಯವರೆಗಿನ ದಾರಿ ಹೇಗಿತ್ತೆಂದು ಕೇಳಿದರೆ ನನಗೆ ಗೊತ್ತಿಲ್ಲ. ಎದುರಿಗೆ ಬಂದ ಗಾಡಿಗಳ ದೀಪ ಬಿಟ್ಟು ಏನೂ ನೆನಪಿಲ್ಲ.

ಕಾರ್ಖಾನೆಯವರು ಮೂಟೆಗಳನ್ನು ತೆಗೆದುಕೊಂಡರು. ಬಿಚ್ಚಿದ ಒಂದನ್ನು ಮಾತ್ರ, ಪೊಲೀಸನ ರುಜು ಇದ್ದರೂ, ಬೇಡವೆಂದರು. ಅದನ್ನು ಅಲ್ಲೇ ಅಧಿಕಾರಿಯ ಎದುರು ಸುಟ್ಟರು. ಆ ಮೂಟೆ ಯಾರ ಹೊಲದ್ದು ಎಂದು ನಮ್ಮಲ್ಲಿ ಜಗಳವಾಗಬಾರದೆಂದು, ಅದು ನನ್ನದೇ ಎಂದು ಊರಿನಲ್ಲಿ ಹೇಳಿದೆ.

ಮುಫದ್ದಲನನ್ನು ಸೋಮವಾರ ನ್ಯಾಯಾಲಯಕ್ಕೆ ಒಯ್ದರು. ಪಟ್ಟಿ ಹುಡುಕುವುದರಲ್ಲೇ ಆ ದಿನ ಹೋಯಿತು. ಮಂಗಳವಾರ ಮಧ್ಯಾಹ್ನ ಮೊಹರು ಹಾಕಿದ ಕಾಗದ ಕೊಟ್ಟು ಬಿಟ್ಟುಬಿಟ್ಟರು. ಸಂಜೆ ಬಾಡಿಗೆ ಕಾರಿನಿಂದ ಇಳಿದು ಬಂದವನ ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ತಾಜಾ ಭೂತಾಯಿ ಮೀನಿತ್ತು. ಮೀನು ಹುರಿಯುವಾಗ ಒಲೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದ:

"ಪೇಟೆ ಬೆಳೆದುಬಿಟ್ಟಿದೆ, ಫತ್ತೂಮ. ಕಾರ್ ಸ್ಟ್ಯಾಂಡು ಎಲ್ಲಿ ಅಂತಾನೇ ಗೊತ್ತಾಗ್ಲಿಲ್ಲ. ಸುತ್ತಿ ಸುತ್ತಿ ಸಾಕಾಗಿ ಒಬ್ಬನ್ನ ದಾರಿ ಕೇಳ್ದೆ. ಕೇಳಿದ್ಮೇಲೆ ನೋಡ್ತೀನಿ, ಪೊಲೀಸು."

"ಆಮೇಲೆ?"

"ಎಡಗಡೆಗೆ ಹೋಗಿ ಅಂದ. ನಾನು ಅಲ್ಲೇ ನಿಂತಿದ್ದೆ. ಇನ್ನೇನು ಬೇಕು ಅಂತ ಕೇಳ್ದ. ಏನಿಲ್ಲ ಅಂದೆ."

ಇದು ನಡೆದು ಒಂದು ಚಳಿಗಾಲ ಕಳೆದಿದೆ. ಸಂಘದಿಂದ ಇಬ್ಬರು ಹೊರಗೆ ಹೋದರು, ಇಷ್ಟು ಕಾಗದ ತಮ್ಮ ಕೈಲಾಗದೆಂದು. ಮೇಲಿನ ಕೇರಿಯಿಂದ ಒಬ್ಬಳು ಸೇರಬೇಕೆಂದು ಕೇಳಿಕೊಂಡು ಬಂದಿದ್ದಾಳೆ, ಅದೂ ಕತ್ತಲಾದ ಮೇಲೆ, ಯಾರಿಗೂ ಹೇಳಬೇಡವೆಂದು. ಕಾರ್ಖಾನೆಯವರು ಈ ವರ್ಷದ ಒಪ್ಪಂದದ ಬಗ್ಗೆ ಇನ್ನೂ ಬಾಯಿ ಬಿಟ್ಟಿಲ್ಲ. ಬೀಜವೂ ಬಂದಿಲ್ಲ. ಬಿತ್ತುವ ಕಾಲ ಬಾಗಿಲಿಗೆ ಬಂದಿದೆ. ಮುಫದ್ದಲ್ ಇವತ್ತು ಬೆಳಿಗ್ಗೆ ತಾನೇ ವಿಚಾರಿಸಿ ಬರುತ್ತೇನೆಂದು ಪೇಟೆಗೆ ಹೋಗಿದ್ದಾನೆ. ಬಿಸಿಲು ಇಳಿಯುತ್ತಿದೆ, ಅವನ ಫೋನು ಇನ್ನೂ ಬಂದಿಲ್ಲ. ಈಗ ರಸ್ತೆಯ ಕಡೆ ಕಿವಿ ಇಟ್ಟು ಕೂತವಳು ನಾನು.